ಬಾತುಕೋಳಿಗಳ ತವರು

ನಾರ್ವೆಯ ರಜಾ ಕಾಯಿದೆಯ ಪ್ರಕಾರ ಜೂನ್ 1ರಿಂದ ಸೆಪ್ಟೆಂಬರ್ 30ರೊಳಗೆ ಒಟ್ಟಿಗೆ ಮೂರು ವಾರ ರಜೆ ಕೇಳುವ ಹಕ್ಕು ನನಗಿದೆ. ಓಸ್ಲೊಗೆ ಬಂದಾಗಿನಿಂದ ಆ ಮೂರು ವಾರ ತೀರ್ಥಹಳ್ಳಿಗೇ ಮೀಸಲು. ಇಲ್ಲಿನವರು ಕತ್ತಲಾಗದ ಇರುಳುಗಳನ್ನು ಸವಿಯುವ ಹೊತ್ತಿಗೆ ನಾವು ಜಗಲಿಯಲ್ಲಿ ಕೂತು ಆಷಾಢದ ಮಳೆ ನೋಡುತ್ತ ಹಲಸಿನ ಹಪ್ಪಳ ಮುರಿಯುತ್ತಿರುತ್ತೇವೆ. ಈ ವರ್ಷ ಮಗಳು ಕೇಳಿಬಿಟ್ಟಳು: "ನನ್ನ ಕ್ಲಾಸಿನವರಿಗೆಲ್ಲ ಒಂದೊಂದು ದ್ವೀಪ ಇದೆ. ನಮ್ಮದು ಯಾವುದು?"

ಜನವರಿಯ ಒಂದು ಸಂಜೆ ಊಟದ ಮೇಜಿನ ಮೇಲೆ ನಕ್ಷೆ ಹರಡಿದೆವು. ಲೋಫೋಟೆನ್ ಎಲ್ಲರ ಬಾಯಲ್ಲೂ ಇದ್ದದ್ದರಿಂದಲೇ ಅದನ್ನು ಬಿಟ್ಟೆವು. ಬೆರಳು ಕೆಳಗಿಳಿದು, ಆರ್ಕ್ಟಿಕ್ ವೃತ್ತದ ತುಸು ದಕ್ಷಿಣಕ್ಕೆ, ವೇಗಾ ಎಂಬಲ್ಲಿ ನಿಂತಿತು. ಕಾರಿನಲ್ಲಿ ಎರಡು ದಿನ ಹೋಗಿ, ಹೊರ್ನ್ ಧಕ್ಕೆಯಲ್ಲಿ ಫೆರಿಗೆ ಕಾದು ಮುಟ್ಟಬೇಕಾದ ಊರಿಗೆ ಈ ಹೆಸರೇ ಎಂದು ಕನ್ನಡದ ಕಿವಿಗಳೆಲ್ಲ ನಕ್ಕವು. ಮಗಳು ಮಾತ್ರ ನಗಲಿಲ್ಲ. ಅವಳಿಗೆ ಅರ್ಥ ಬಿಡಿಸಿ ಹೇಳಬೇಕಾಯಿತು.

ಪಟ್ಟಿ ಬೆಳೆಯಿತು. ಬಾಡಿಗೆಗೆ ಒಂದು ಮರದ ಮನೆ, ಜುಲೈಗೂ ಉಣ್ಣೆಯ ಕಾಲುಚೀಲ, ಮಲಗುವ ಕೋಣೆಗೆ ಕಪ್ಪು ಪರದೆ, ತೊಗರಿಬೇಳೆ, ಹುಣಸೆಹಣ್ಣು, ಸಾರಿನ ಪುಡಿ. ಅಲ್ಲಿ ನೋಡುವುದೇನಿದೆ ಎಂದು ಓದುತ್ತ ಹೋದಾಗ ಸಿಕ್ಕಿದ್ದು ಈಡರ್ ಬಾತುಗಳ ಕಥೆ.

ವೇಗಾದ ಸುತ್ತ ಸಾವಿರಾರು ನಡುಗಡ್ಡೆಗಳೂ ಬಂಡೆಗಳೂ ಚೆಲ್ಲಿವೆ. ಈ ಕಾಡುಬಾತು ವರ್ಷವಿಡೀ ಕಡಲಿನಲ್ಲೇ ಇದ್ದು, ವಸಂತದಲ್ಲಿ ಮೊಟ್ಟೆಯಿಡಲು ಮಾತ್ರ ನೆಲಕ್ಕೆ ಬರುತ್ತದೆ. ಹೆಣ್ಣು ಬರುವುದು ಹೆಚ್ಚಾಗಿ ತಾನು ಹುಟ್ಟಿದ ಜಾಗಕ್ಕೇ. ಅವು ಬರುವ ಮೊದಲೇ ದ್ವೀಪದವರು ಕಲ್ಲು, ಹಲಗೆಗಳಲ್ಲಿ ಪುಟ್ಟ ಮನೆ ಕಟ್ಟಿ, ಒಣಗಿಸಿದ ಕಡಲಪಾಚಿಯನ್ನು ಹಾಸಿಡುತ್ತಾರೆ. ಬಂದ ಮೇಲೆ ಗದ್ದಲವಿಲ್ಲ, ನಾಯಿಯಿಲ್ಲ, ಅಪರಿಚಿತರಿಗೆ ಪ್ರವೇಶವಿಲ್ಲ. ಗಂಡು ಬಾತು ಕಡಲಿಗೆ ಮರಳಿಬಿಡುತ್ತದೆ. ಹೆಣ್ಣು ತನ್ನ ಎದೆಯ ತುಪ್ಪುಳ ಕಿತ್ತು ಮೊಟ್ಟೆಗೆ ಹೊದಿಸಿ, ಹೆಚ್ಚುಕಡಿಮೆ ಉಪವಾಸವಿದ್ದು, ಸುಮಾರು 26 ದಿನ ಕಾವು ಕೂರುತ್ತದೆ. ಮರಿಗಳೊಡನೆ ಅದು ನೀರಿಗಿಳಿದ ಮೇಲೆ ಗೂಡಿನಲ್ಲಿ ಉಳಿದ ತುಪ್ಪುಳವೇ ಮನೆಯವರಿಗೆ ಉಡುಗೊರೆ. ಒಂದು ರಜಾಯಿಗೆ ಸುಮಾರು 60 ಗೂಡುಗಳ ತುಪ್ಪುಳ ಬೇಕು. ಗಂಡಸರು ಮೀನಿಗೆ ಹೋದಾಗ ಈ ಕೆಲಸ ನಡೆಸಿದವರು ಹೆಂಗಸರು. 2004ರಲ್ಲಿ ಯುನೆಸ್ಕೊ ಈ ದ್ವೀಪಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವರ ದುಡಿಮೆಯನ್ನೂ ಗುರುತಿಸಿತು. ಹೊರದ್ವೀಪಗಳಲ್ಲಿ ವರ್ಷವಿಡೀ ಇರುವವರು ಈಗ ತೀರಾ ವಿರಳ. ಆದರೂ ಕೆಲವು ಕುಟುಂಬಗಳು ಬಾತುಗಳಿಗಾಗಿಯೇ ವಸಂತದಲ್ಲಿ ಹಳೆಯ ಮನೆಯ ಬಾಗಿಲು ತೆರೆಯುತ್ತವೆ.

ಓದುತ್ತಿದ್ದವಳಿಗೆ ಇದು ಪಕ್ಷಿಶಾಸ್ತ್ರ ಎನ್ನಿಸಲಿಲ್ಲ, ಬಾಣಂತನ ಎನ್ನಿಸಿತು. ನಾವು ಬರುವ ವಾರ ಅಮ್ಮ ಮಳೆ ಹೊಳವಾದ ಗಳಿಗೆ ಕಾದು ಹಾಸಿಗೆಗಳನ್ನು ಅಂಗಳಕ್ಕೆ ಹಾಕುತ್ತಾಳೆ. ಮೋಡ ಕವಿದರೆ ಹೊತ್ತುಕೊಂಡು ಒಳಗೆ ಓಡುತ್ತಾಳೆ. ಇಷ್ಟು ವರ್ಷ ಆ ಹಾಸಿಗೆಯ ಮೇಲೆ ಮಲಗಿದ್ದೆನೇ ಹೊರತು, ಅದನ್ನು ಒಣಗಿಸಿದ ಕೈಯ ಬಗ್ಗೆ ಯೋಚಿಸಿರಲಿಲ್ಲ. ಅದು ಹೊಳೆದದ್ದು, ಊರಿಗೆ ಹೋಗದಿರಲು ಯೋಜನೆ ಹಾಕುತ್ತಿದ್ದಾಗ.

ನಾವು ಹೋಗುವ ಜುಲೈ ಮಧ್ಯದ ಹೊತ್ತಿಗೆ ಬಾತುಮನೆಗಳು ಖಾಲಿಯಾಗಿರುತ್ತವೆ. ಮಗಳಿಗೆ ಬೇಸರವಾಯಿತು. ನನಗಿಲ್ಲ. ಮಕ್ಕಳು ಹೊರಟ ಮೇಲಿನ ತವರನ್ನು ನಾನು ಕಂಡದ್ದೇ ಇಲ್ಲ, ಇದೊಂದನ್ನಾದರೂ ನೋಡಬೇಕು.

ಅಮ್ಮನಿಗೆ ಫೋನ್ ಮಾಡಿ, ಈ ಸಲ ಬೇಸಿಗೆಗಲ್ಲ, ದೀಪಾವಳಿಗೆ ಒಂದು ವಾರ ಬರುತ್ತೇವೆ ಎಂದೆ. ಆ ಕಡೆ ಮೌನ. ಅದನ್ನು ತುಂಬಲು ಬಾತುಗಳ ಕಥೆಯನ್ನೆಲ್ಲ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಎಷ್ಟು ದಿನ ಇರ್ತವೆ ಅಂದೆ?"

"ಇಪ್ಪತ್ತಾರು."

"ನಿನಗಿಂತ ಬಾತುಕೋಳಿಯೇ ವಾಸಿ ಕಣೇ," ಎಂದಳು ಅಮ್ಮ. "ನೀನು ಮೂರು ವಾರ ಬಂದಾಗಲೂ ಅದು ನಿನಗಿಂತ ಐದು ದಿನ ಹೆಚ್ಚೇ ಇರ್ತಿತ್ತಲ್ಲ!"