ಪರದೇಶದ ಸೇವೆಯೂ ಗೆಳೆಯರಿಗೆ ಬರೆದ ಓಲೆಯೂ

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದರು. ಸುತ್ತಿದಲ್ಲಿ ಸೇವೆಯನ್ನೂ ಮಾಡು, ಮಾಡಿದುದನ್ನು ಗೆಳೆಯರಿಗೆ ತೋರಿಸು ಎಂಬ ಎರಡು ವಿಧಿಗಳನ್ನು ಈ ಕಾಲವು ಅದಕ್ಕೆ ಸೇರಿಸಿದೆ. ನಮ್ಮ ಶಾಲೆಯಲ್ಲಿ ಕಲಿತು ಈಗ ಪಟ್ಟಣದಲ್ಲಿ ಉದ್ಯೋಗದಲ್ಲಿರುವ ತರುಣಿಯೊಬ್ಬಳು ಕಳೆದ ಬೇಸಗೆಯಲ್ಲಿ ಇಬ್ಬರು ಗೆಳತಿಯರೊಡನೆ, ಬೆನ್ನಿಗೊಂದು ಚೀಲವೇರಿಸಿಕೊಂಡು, ಕಾಂಬೋಡಿಯ ದೇಶಕ್ಕೆ ಹೋಗಿಬಂದಳು. ಅಂಕೋರ್ ವಾಟ್ ದೇವಾಲಯವನ್ನು ನೋಡಿ, ಅಲ್ಲಿಯ ಒಂದು ಮಕ್ಕಳ ಮನೆಯಲ್ಲಿ ಹತ್ತು ದಿನ ಇಂಗ್ಲಿಷ್ ಕಲಿಸಿ, ದಿನದಿನದ ಚಿತ್ರಗಳನ್ನು ಫೋನಿನಲ್ಲಿ ಗೆಳೆಯರಿಗೆಲ್ಲ ಕಳುಹಿಸಿದಳು. ನಮಗೂ ಬಂದುವು. ಅಭಿಮಾನದಿಂದ ನಾವು ಅವನ್ನು ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅಕ್ಕ ಅಲ್ಲಿಗೆ ಹೋದದ್ದು ನೋಡಲಿಕ್ಕೋ, ಮಾಡಲಿಕ್ಕೋ, ತೋರಿಸಲಿಕ್ಕೋ?" ಎಂದು ಕೇಳಿದನು.

ಹುಡುಗನು ಚೇಷ್ಟೆಗಾಗಿ ಕೇಳಿದವನಲ್ಲ. ಗಂಟೆ ಬಾರಿಸಿತು, ನಾವು ಪಾರಾದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಈ ಬಗೆಯ ಯಾತ್ರೆಗೆ ನೂರು ವರ್ಷಗಳ ಚರಿತ್ರೆಯುಂಟು. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಎಂಜಿನಿಯರ್ 1879ರಲ್ಲಿ ಹುಟ್ಟಿದವನು. ಅವನ ತಂದೆ ಆ ದೇಶದ ಅಧ್ಯಕ್ಷನಾಗಿದ್ದವನು. ಮಗನಾದರೋ ಯೌವನದಲ್ಲಿ ಮನೆಬಿಟ್ಟು ಅಮೆರಿಕ, ಹವಾಯಿ, ಜಪಾನುಗಳನ್ನು ಸುತ್ತುತ್ತ, ಸಿಕ್ಕ ಕೆಲಸ ಮಾಡುತ್ತ ಐದು ವರ್ಷ ಕಳೆದನು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವೆರ್ದೂನ್ ಹತ್ತಿರದ ಏನ್ ಎಂಬ ಹಾಳುಬಿದ್ದ ಹಳ್ಳಿಗೆ ಕೆಲವೇ ಮಂದಿ ಸಂಗಾತಿಗಳನ್ನು ಕೂಡಿಕೊಂಡು ಹೋಗಿ, ಮನೆಗಳನ್ನು ಎತ್ತಿಕಟ್ಟಲು ತೊಡಗಿದನು. ಆ ಸಂಗಾತಿಗಳಲ್ಲಿ ಜರ್ಮನರೂ ಇದ್ದರು. ನಿನ್ನೆಯ ಶತ್ರುವಿನ ಕೈಯಿಂದ ತಮ್ಮ ಗೋಡೆ ಏಳುವುದು ಎಲ್ಲರಿಗೂ ಸಹ್ಯವಾಗಲಿಲ್ಲ. ಮರುವರ್ಷದ ವಸಂತದಲ್ಲಿ ಕೆಲಸ ನಿಂತುಹೋಯಿತು. ಉಪಕಾರ ಮಾಡುವೆವೆಂದು ಹೋದವರನ್ನು ಬೇಡವೆನ್ನುವ ಅಧಿಕಾರ ಉಪಕೃತರಿಗೆ ಉಂಟು ಎಂಬ ಪಾಠವನ್ನು ಆ ಚಳವಳಿ ಹುಟ್ಟಿದ ಹಳ್ಳಿಯಲ್ಲಿಯೇ ಕಲಿಯಬೇಕಾಯಿತು.

1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಯಿತಷ್ಟೆ. ಆಗ ಸೆರೆಸೋಲನಿಗೆ ಐವತ್ತನಾಲ್ಕು ವಯಸ್ಸು. ಅವನು ಆ ವರ್ಷವೇ ಭಾರತಕ್ಕೆ ಬಂದು ಸ್ಥಿತಿಗತಿಗಳನ್ನು ನೋಡಿಕೊಂಡನು. ಬಳಿಕ ಬೆರಳೆಣಿಕೆಯ ಗೆಳೆಯರೊಡನೆ ಮರಳಿ ಬಂದು, ಮುಜಫರಪುರದ ಕಡೆ ನೆರೆಯಲ್ಲಿ ಮುಳುಗುತ್ತಿದ್ದ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಹೊಸದಾಗಿ ಕಟ್ಟುವ ಕೆಲಸದಲ್ಲಿ ಮಣ್ಣು ಹೊತ್ತನು. ಬಿಹಾರದ ಬಿಸಿಲಿನಲ್ಲಿ ಮಣ್ಣು ಹೊರಲು ಆಲ್ಪ್ಸ್ ಪರ್ವತದ ನಾಡಿನಿಂದ ಜನ ಬರಬೇಕಿತ್ತೇ? ಹಡಗಿನ ದರ್ಜೆ ಎಷ್ಟು ಕೆಳಗಿನದಾದರೂ ಆ ಪ್ರಯಾಣದ ಹಣದಲ್ಲಿ ಎಷ್ಟೋ ಮಂದಿ ಬಿಹಾರಿ ಕೂಲಿಗಳಿಗೆ ಹಲವು ತಿಂಗಳ ಮಜೂರಿ ಕೊಡಬಹುದಾಗಿತ್ತು. ಕೆಲಸವನ್ನು ಬುಟ್ಟಿಯ ಲೆಕ್ಕದಿಂದ ಅಳೆದರೆ ಆ ಯಾತ್ರೆ ಶುದ್ಧ ನಷ್ಟ. ಗಣಿತದ ಅಧ್ಯಾಪಕನೂ ಆಗಿದ್ದ ಆತನಿಗೆ ಈ ಲೆಕ್ಕ ಹೊಳೆಯದೆ ಇರಲಿಲ್ಲ. ಆದರೆ ಆಳುವ ಜನರ ಬಣ್ಣದವನೊಬ್ಬ ಆಳಿಸಿಕೊಳ್ಳುವವರ ಪಕ್ಕದಲ್ಲಿ ನಿಂತು ಅದೇ ಬುಟ್ಟಿಯನ್ನು ಹೊತ್ತುದು ಆ ಕಾಲದಲ್ಲಿ ಬುಟ್ಟಿಯ ತೂಕಕ್ಕೆ ಮೀರಿದ ಸಂಗತಿ. ಅದನ್ನು ದುಡ್ಡಾಗಿ ಮಾಡಿ ಅಂಚೆಯಲ್ಲಿ ಕಳುಹಿಸುವಂತಿರಲಿಲ್ಲ.

ಇನ್ನೊಂದು ಸ್ವಾರಸ್ಯವುಂಟು. ಮಾತು ಬೇಡ, ಕೃತಿ ಬೇಕು ಎಂಬುದು ಅವನು ಹುಟ್ಟುಹಾಕಿದ ಸಂಸ್ಥೆಯ ಧ್ಯೇಯವಾಕ್ಯದ ತಾತ್ಪರ್ಯ. ಹಾಗಿದ್ದೂ ಅವನೇ ಭಾರತದಿಂದ ತನ್ನವರಿಗೆ ಪತ್ರಗಳನ್ನು ಬರೆದನು. ಅವು ಪುಸ್ತಕವಾಗಿಯೂ ಅಚ್ಚಾದುವು. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬ ನಮ್ಮ ಗಾದೆಯಂತೆ ನೋಡಿದರೆ ಇದು ದೋಷವೇ ಸರಿ. ನಮಗೆ ಹಾಗೆ ತೋರುವುದಿಲ್ಲ. ಹೋಗಲಾರದೆ ಊರಿನಲ್ಲಿ ಉಳಿದವರಿಗೂ ಯಾತ್ರೆಯಲ್ಲಿ ಪಾಲುಂಟು. ಅವರ ಬೀಳ್ಕೊಡುಗೆಯಿಲ್ಲದೆ, ಕೆಲವೊಮ್ಮೆ ಅವರ ಹಣವಿಲ್ಲದೆ, ಯಾರೂ ಹೋದವರಲ್ಲ. ಗೆಳೆಯರಿಗೆ ಹೇಳದೆ ಉಳಿದ ಅನುಭವ ಅರ್ಧ ಅನುಭವ. ಆದುದರಿಂದ ಹೇಳುವುದರಲ್ಲಿ ತಪ್ಪಿಲ್ಲ. ಯಾರ ಕಥೆಯನ್ನು ಹೇಳುತ್ತೇವೆ, ಅದರಲ್ಲಿ ಮುಂದೆ ನಿಂತವರು ಯಾರು, ಹಿಂದೆ ನಿಂತವರು ಯಾರು ಎಂಬಲ್ಲಿ ತಪ್ಪು ನುಸುಳುತ್ತದೆ.

1968ರ ಏಪ್ರಿಲಿನಲ್ಲಿ ಇವಾನ್ ಇಲಿಚ್ ಎಂಬ ಪಾದ್ರಿ, ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳೆದುರು ಒಂದು ಖಾರವಾದ ಭಾಷಣ ಮಾಡಿದನು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅದರ ಸಾರ. ಅವರ ಮಾತು ತಿಳಿಯದವರು ಅವರಿಗೆ ಮಾಡುವ ಸಹಾಯ ಎಂಥದು ಎಂದು ಕೇಳಿದವನು ಅವನು. ಮಾತು ಪೂರಾ ನ್ಯಾಯವೆಂದು ನಾವು ಒಪ್ಪಲಾರೆವು. ನೆರೆ ಬಂದಾಗ ಕೈಹಿಡಿದೆತ್ತಲು ವ್ಯಾಕರಣ ಬೇಕಾಗಿಲ್ಲ. ಆದರೆ ನೆರೆಯೂ ಇಲ್ಲದ, ಬೆಂಕಿಯೂ ಬೀಳದ ಊರಿಗೆ ಹತ್ತು ದಿನಕ್ಕೆ ಪಾಠ ಹೇಳಲು ಹೋಗುವವರಿಗೆ ಅದು ಸರಿಯಾಗಿ ತಗಲುತ್ತದೆ. ಅಧ್ಯಾಪಕ ತರಬೇತಿ ಮುಗಿಸಿ ಬಂದ ಮೇಲೂ ಒಂದನೆಯ ತರಗತಿಯ ಮಕ್ಕಳ ಮನಸ್ಸು ತಿಳಿಯಲು ನಮಗೆ ಎರಡು ವರ್ಷ ಹಿಡಿಯಿತು!

ಕಾಂಬೋಡಿಯದ್ದು ಇನ್ನೂ ಕಠಿಣವಾದ ಸಂಗತಿ. ಅಲ್ಲಿ 2005ರಿಂದ 2010ರೊಳಗೆ ಅನಾಥಾಲಯಗಳ ಸಂಖ್ಯೆ ನೂರಕ್ಕೆ 75ರಷ್ಟು ಹೆಚ್ಚಿತೆಂದೂ, ಅವುಗಳಲ್ಲಿದ್ದ ನಾಲ್ವರು ಮಕ್ಕಳಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರೆಂದೂ ಯುನಿಸೆಫ್ 2011ರಲ್ಲಿ ತಿಳಿಸಿತು. ನೋಡಲು ಬರುವ ಪ್ರವಾಸಿಗಳೂ ಅವರು ಕೊಡುವ ಹಣವೂ ಹೆಚ್ಚಿದಂತೆ ಬಡವರ ಮಕ್ಕಳು ಅನಾಥರಾದರು. ಮಕ್ಕಳು ಪ್ರೇಕ್ಷಣೀಯ ವಸ್ತುಗಳಲ್ಲ ಎಂಬ ಭಿತ್ತಿಪತ್ರಗಳನ್ನು ಅಲ್ಲಿ ಹಚ್ಚಬೇಕಾಯಿತು. ನಮ್ಮ ತರುಣಿ ಹೋದ ಮನೆ ಅಂಥದೆಂದು ನಾವು ಹೇಳುತ್ತಿಲ್ಲ. ಆಕೆಯ ಮನಸ್ಸು ಶುದ್ಧವಾದುದೆಂದು ನಾವು ಬಲ್ಲೆವು. ಮನಸ್ಸು ಶುದ್ಧವಾಗಿದ್ದರೆ ಸಾಲದು ಎಂಬುದೇ ಇಲ್ಲಿಯ ಕಷ್ಟ.

ತೋರಿಸಿಕೊಳ್ಳುವವರ ಪಕ್ಕದಲ್ಲಿ ನಿಂತು ನೋಡುವ ಸಂದರ್ಭ ನಮಗೂ ಒಮ್ಮೆ ಒದಗಿತ್ತು. ಕಾಸರಗೋಡಿನ ಕಡೆಯ ನಮ್ಮ ಶಾಲೆಗೆ ದೂರದ ಪಟ್ಟಣದಿಂದ ಕೆಲವರು ಬಂದು ನೋಟುಪುಸ್ತಕಗಳನ್ನು ಹಂಚಿದರು. ಒಳ್ಳೆಯ ಪುಸ್ತಕಗಳೇ, ಕೃತಜ್ಞತೆಯಿಲ್ಲದೆ ಇದನ್ನು ಬರೆಯುತ್ತಿಲ್ಲ. ಫೋಟೋ ತೆಗೆಯುವ ವೇಳೆ ಅವರು ಮುಂದಿನ ಸಾಲಿನ ಮಕ್ಕಳನ್ನು ಬಿಟ್ಟು, ಅಂಗಿಯ ಹೆಗಲು ಹರಿದಿದ್ದ ಒಬ್ಬನನ್ನು ಕರೆದು ನಡುವೆ ನಿಲ್ಲಿಸಿದರು. ಆ ದಿನ ಬೆಳಿಗ್ಗೆ ಕಬಡ್ಡಿಯಲ್ಲಿ ಹರಿದ ಅಂಗಿ ಅದು! ಹುಡುಗನ ತಂದೆಗೆ ಅಡಿಕೆತೋಟವಿದೆ. ಚಿತ್ರದ ಕೆಳಗೆ ಅವರು ಏನು ಬರೆದರೋ ನಮ್ಮ ವರೆಗೆ ಬರಲಿಲ್ಲ. ಮರುದಿನ ಆ ಹುಡುಗ ಶಾಲೆಗೆ ಬರಲಿಲ್ಲ. ಅದರ ಮರುದಿನ ಹೊಸ ಅಂಗಿ ತೊಟ್ಟು ಬಂದನು, ಯಾರೊಡನೆಯೂ ಮಾತಾಡದೆ ಕುಳಿತನು. ನಾವು ಆಗಲೇ ತಡೆಯಬೇಕಿತ್ತು. ಅತಿಥಿಗಳೆಂಬ ಸಂಕೋಚದಿಂದ ಸುಮ್ಮನಿದ್ದೆವು. ಆ ಸುಮ್ಮನಿದ್ದುದು ಇಂದಿಗೂ ಚುಚ್ಚುತ್ತದೆ.

ಆದುದರಿಂದ ನಮಗೆ ತೋಚುವ ಪರೀಕ್ಷೆ ಒಂದೇ. ಪರದೇಶದಲ್ಲಿ ಸೇವೆ ಮಾಡಿದವನು ಗೆಳೆಯರಿಗೆ ಬರೆದ ಓಲೆಯನ್ನು, ಯಾರ ನಡುವೆ ಇದ್ದನೋ ಅವರೆದುರಿಗೆ ಅವರ ಮಾತಿನಲ್ಲಿ ಗಟ್ಟಿಯಾಗಿ ಓದಿಹೇಳಬಲ್ಲನೇ? ಓದುವಾಗ ಅವನ ಧ್ವನಿ ಎಲ್ಲಿ ತಗ್ಗುತ್ತದೆಯೋ ಅಲ್ಲಿಯ ಸಾಲನ್ನು ಹೊಡೆದುಹಾಕಲಿ. ಈ ಪರೀಕ್ಷೆಯಲ್ಲಿಯೂ ಕೊರತೆಯುಂಟು: ಊಟ ಹಾಕಿದವರ ಮುಖ ನೋಡಿಕೊಂಡು ಬರೆದರೆ ಅಲ್ಲಿ ಕಂಡ ಅನ್ಯಾಯವನ್ನು ಬರೆಯುವುದಾದರೂ ಹೇಗೆ? ಆದರೂ ಹರಿದ ಅಂಗಿಯ ಚಿತ್ರ ಈ ಜರಡಿಯಲ್ಲಿ ಇಳಿಯುತ್ತಿರಲಿಲ್ಲ.

ಆ ತರುಣಿಗೆ ನಾವು ಉಪದೇಶ ಬರೆಯಲಿಲ್ಲ. ತರಗತಿಯ ಮಕ್ಕಳೇ ಪತ್ರ ಬರೆದರು: ಆ ಮಕ್ಕಳ ಹೆಸರೇನು, ಅವರು ನಿಮಗೆ ಏನು ಕಲಿಸಿದರು ಎಂದು. ಮೂರು ವಾರದ ಮೇಲೆ ಉತ್ತರ ಬಂತು. ನಾಲ್ಕೇ ಹೆಸರು ನೆನಪಿದೆ, ಮಿಕ್ಕವರದನ್ನು ಕೇಳಿಕೊಳ್ಳಲಿಲ್ಲ, ಅದನ್ನು ಬರೆಯಲು ನಾಚಿಕೆಯಾಗುತ್ತದೆ ಎಂದಿದ್ದಳು. ಅವಳಿಗೆ ಒಬ್ಬ ಚಿಕ್ಕ ಹುಡುಗಿ ಎಣಿಸಲು ಕಲಿಸಿದಳಂತೆ: ಮುಯ್, ಪೀ, ಬೇಯ್, ಬೂನ್, ಪ್ರಾಂ. ಆ ಭಾಷೆಯಲ್ಲಿ ಆರಕ್ಕೆ ಬೇರೆ ಶಬ್ದವಿಲ್ಲ, ಐದು-ಒಂದು, ಪ್ರಾಂಮುಯ್. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಣಿಸುವ ನಮ್ಮ ಮಕ್ಕಳಿಗೆ ಇದು ಬಹಳ ಹಿಡಿಸಿತು. ಆ ಪ್ರಶ್ನೆ ಕೇಳಿದ ಹಿಂದಿನ ಬೆಂಚಿನ ಹುಡುಗನೇ ಕರಿಹಲಗೆಯ ಮೇಲೆ ಹತ್ತರ ವರೆಗೆ ಬರೆದನು. ಒಂದು ವಾರ ಯಾರಿಗೂ ಅದನ್ನು ಒರಸಲು ಮನಸ್ಸು ಬರಲಿಲ್ಲ.