ದೀಪ ಹಚ್ಚುವ ಮುಂಚೆ

ಪಾಂಡವಪುರದ ಉಪವಿಭಾಗಾಧಿಕಾರಿ ಕಚೇರಿ ಹತ್ತಿರದ ಟೀ ಅಂಗಡಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನ ಜಮೀನಿನ ಮೇಲ್ಮನವಿಗಳು ಬಂದು ಸೇರುವುದು ಈ ಕಚೇರಿಗೇ. ಬೆಂಚಿನ ಮೇಲೆ ನಿವೃತ್ತ ಶಿರಸ್ತೇದಾರರೊಬ್ಬರು, ನಾಲ್ಕರಲ್ಲೊಂದು ತಾಲ್ಲೂಕಿನ ಗ್ರಾಮ ಆಡಳಿತಾಧಿಕಾರಿ ಯುವತಿಯೊಬ್ಬಳು.

ಶಿರಸ್ತೇದಾರ: ನಾಳೆ ಇ-ಆಫೀಸ್ ತರಬೇತಿಗೆ ನನ್ನ ಕರೆದಿದ್ದಾರಮ್ಮ. ಹಳಬರಿಗೆ ಹುರುಪು ತುಂಬಬೇಕಂತೆ. ಏನು ಹೇಳಲಿ?

ಅಧಿಕಾರಿ: ಹುರುಪಿನ ಮಾತು ಕೇಳಿ ಕೇಳಿ ಸಾಕಾಗಿದೆ ಸಾರ್. ನೀವು ಹೇಗೆ ಕಲಿತಿರಿ, ಅದನ್ನ ಹೇಳಿ.

ಶಿರಸ್ತೇದಾರ: ಎರಡು ಬೆರಳಲ್ಲಿ. ನುಡಿ ತಂತ್ರಾಂಶದಲ್ಲಿ ಒತ್ತಕ್ಷರಕ್ಕೆ ‘ಎಫ್’ ಕುಟ್ಟಬೇಕು ಅಂತ ಗೊತ್ತಾಗೋಕೇ ಒಂದು ವಾರ. ‘ಒಪ್ಪಿದೆ’ ಅಂತ ಬರೆಯೋಕೆ ಹೋಗಿ ‘ಒಪಪಿದೆ’ ಅಂತ ಸಾಹೇಬರಿಗೆ ಕಳಿಸಿದ್ದೀನಿ. ಇ-ಆಫೀಸಲ್ಲಿ ಕರಡಿನ ಹಳದಿ ಟಿಪ್ಪಣಿಯಾದರೆ ಅಳಿಸಬಹುದು. ಹಸಿರು ಟಿಪ್ಪಣಿ ಒಮ್ಮೆ ಹೋಯ್ತು ಅಂದರೆ ಮುಗೀತು. ನನ್ನ ‘ಒಪಪಿದೆ’ ಇವತ್ತಿಗೂ ಅಲ್ಲೇ ಇದೆ.

ಅಧಿಕಾರಿ: ಅದೇ ಭಯ ಎಲ್ಲರಿಗೂ.

ಶಿರಸ್ತೇದಾರ: ತಪ್ಪಿನ ಭಯ ನಾಲ್ಕು ದಿನದ್ದು. ಕಾಗದದ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಅಂತ ಬಾಯಿ ಬಿಡ್ತಿರಲಿಲ್ಲ. ‘ಟಪಾಲಿನಲ್ಲಿದೆ’ ಅಂದರೆ ರೈತ ಬಸ್ ಹತ್ತಿ ವಾಪಸು ಹೋಗ್ತಿದ್ದ. ಈಗ ಇ-ಆಫೀಸ್ ತಾರೀಖಿನ ಸಮೇತ ಹೇಳುತ್ತೆ. ಹಿಂಜರಿಕೆಯ ಬೇರು ಇರೋದು ಅಲ್ಲಿ, ವಯಸ್ಸಲ್ಲಲ್ಲ.

ಅಧಿಕಾರಿ: ಹಾಗಾದರೆ ನಮ್ಮ ವಯಸ್ಸಿನ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರಲ್ಲಿ ಯಾಕೆ ಮುಷ್ಕರಕ್ಕೆ ಕೂತರು? ಮತ್ತೆ 2025ರ ಫೆಬ್ರುವರಿಯಲ್ಲಿ? ಬಗರ್‌ಹುಕುಂಗೊಂದು ಆ್ಯಪು, ಪಹಣಿಗೆ ಆಧಾರ್ ಜೋಡಿಸೋಕೊಂದು, ಸರ್ಕಾರಿ ಜಮೀನು ಕಾಯೋಕೊಂದು. ಫೋನು ಮಾತ್ರ ನಮ್ಮದೇ. ಇವೆಲ್ಲ ಕೆಲಸ ಮಾಡೋಕೆ ಕೊಟ್ಟಿದ್ದಾ, ಮಾಡಿದ್ದೀನಿ ಅಂತ ತೋರಿಸೋಕೆ ಕೊಟ್ಟಿದ್ದಾ?

ಶಿರಸ್ತೇದಾರ: ಅಳೆಯೋ ಸೇರೂ ಬೇಕಲ್ಲಮ್ಮ ಮನೆಗೆ.

ಅಧಿಕಾರಿ: ಸೇರಲ್ಲಿ ಅನ್ನ ಬೇಯಲ್ಲ ಸಾರ್.

ಶಿರಸ್ತೇದಾರ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಕಡತ ಅಂದರೆ ಮೊದಲು ಏನು ಗೊತ್ತಾ? ಬಟ್ಟೆ. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟು ಬಳಪದಲ್ಲಿ ಬರೀತಿದ್ದರು. ಲೆಕ್ಕ ತೀರಿದರೆ ಒರೆಸೋದು, ಮತ್ತೆ ಬಳಿಯೋದು. ಬಟ್ಟೆ ಹೋಗಿ ಕಾಗದ ಬಂತು. ಗ್ರಾಮದ ಹುದ್ದೆಗಳನ್ನ ರದ್ದು ಮಾಡಿದ 1961ರ ಕಾಯ್ದೆಯಲ್ಲಿ ಶ್ಯಾನುಭೋಗಿಕೆಯೇ ಹೋಯ್ತು. ಕಡತ ಅನ್ನೋ ಮಾತು ಹೋಗಲಿಲ್ಲ, ಪರದೆ ಮೇಲೂ ಬಂದು ಕೂತಿದೆ. ಟಿಪ್ಪಣಿ ಹಾಳೆನೂ ಅಷ್ಟೆ. ತಂತ್ರಾಂಶ ಮಾಡಿದ ಪುಣ್ಯಾತ್ಮರು ಅದನ್ನ ಹಸಿರಾಗೇ ಬಿಟ್ಟರಲ್ಲ, ಆ ಹಸಿರು ನೋಡಿ ನನಗೆ ಅರ್ಧ ಧೈರ್ಯ ಬಂತು.

ಅಧಿಕಾರಿ: ಹಳೇ ವೇಷ ಹಾಕಿಸಿದರೆ ಸಾಕು ಅಂತೀರಾ?

ಶಿರಸ್ತೇದಾರ: ಸಾಲದು. ಭೂಮಿ ತಂತ್ರಾಂಶ ನೋಡು, ಪ್ರಯೋಗ ಆಗಿದ್ದೇ ನಮ್ಮ ಜಿಲ್ಲೆ ಮದ್ದೂರಲ್ಲಿ. ಗಣಕೀಕರಣ ಮುಗಿದ ತಾಲ್ಲೂಕಲ್ಲಿ ಕೈಬರಹದ ಪಹಣಿ ನಡೆಯಲ್ಲ ಅಂದುಬಿಟ್ಟರು. ಆಗ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ರೈತನ ಕೈಲಿರ್ತಿತ್ತು. ಗೊಣಗಿದವರು ಬೇಕಾದಷ್ಟು ಜನ. ಆದರೆ ಗೊಣಗಿಕೊಂಡು ವಾಪಸು ಹೋಗೋಕೆ ದಾರಿ ಇರಲಿಲ್ಲ.

ಅಧಿಕಾರಿ: ನಮಗೆ ಆ ದಾರಿ ರಾಜಬೀದಿ ಥರ ತೆರೆದಿದೆ. ಮೊನ್ನೆ ಒಂದೇ ಖಾತೆ ವಿಚಾರ ಮೂರು ಸಲ ಬರೆದೆ. ತಂತ್ರಾಂಶದಲ್ಲೊಮ್ಮೆ. ‘ಯಾವುದಕ್ಕೂ ಒಂದು ಪ್ರಿಂಟ್ ಇಡಮ್ಮ’ ಅಂದರು, ಅದೊಮ್ಮೆ. ವಾಟ್ಸಾಪ್ ಗುಂಪಲ್ಲಿ ಇನ್ನೊಮ್ಮೆ. ಯಾರು ಅಂತ ಕೇಳಬೇಡಿ.

ಶಿರಸ್ತೇದಾರ: ಕೇಳಲ್ಲ. ನಾನೂ ಹಾಗೇ ಅಂದವನೇ, ಕೊನೇ ವರ್ಷದವರೆಗೂ. ಸಹಿ ಕಾಗದದ ಮೇಲಿದ್ದರೆ ನಿದ್ದೆ ಬರ್ತಿತ್ತು. ನನ್ನ ನಿದ್ದೆಗೋಸ್ಕರ ಕೆಳಗಿನವರು ಎರಡು ಸಲ ದುಡಿದರು. ಸರಿ, ನಾಳೆ ಗುಮಾಸ್ತರಿಗೆ ಏನೂ ಹೇಳಲ್ಲ. ಮುಂದಿನ ಸಾಲಿನ ಕುರ್ಚಿಯವರಿಗೆ ಹೇಳ್ತೀನಿ, ಪ್ರಿಂಟ್ ಕೇಳೋದು ನಿಲ್ಲಿಸಿ ಅಂತ.

ಅಧಿಕಾರಿ: ಅವರು ಉದ್ಘಾಟನೆಗೆ ಮಾತ್ರ ಬರೋದು ಸಾರ್. ದೀಪ ಹಚ್ಚಿ ಹೊರಟುಬಿಡ್ತಾರೆ.

ಶಿರಸ್ತೇದಾರ: ದೀಪ ಹನ್ನೊಂದಕ್ಕೆ. ನಾನು ಹತ್ತೂಮುಕ್ಕಾಲಿಗೇ ಮೈಕ್ ಹಿಡೀತೀನಿ.