ಮಗ್ಗುಲು ಬದಲಿಸಲಿಕ್ಕೆ ಡಿಗ್ರಿ ಯಾಕೆ?

ನಮ್ಮ ವಾಚನಾಲಯದ ಜಗಲಿಯಲ್ಲಿ ಸಂಜೆ ಐದರ ಮೇಲೆ ನಡೆಯುವ ಮಾತಿಗೆ ಅಧ್ಯಕ್ಷರೂ ಇಲ್ಲ, ವಂದನಾರ್ಪಣೆಯೂ ಇಲ್ಲ. ಪೇಪರಿನಲ್ಲಿ ಏನು ಕಂಡಿತೋ ಅದೇ ವಿಷಯ. ಕಳೆದ ಮಳೆಗಾಲದಲ್ಲಿ ಒಂದು ದಿನ ಕಂಡದ್ದು ಒಂದು ಜಾಹೀರಾತು. ತಲಪಾಡಿ ಗಡಿಯ ಆಚೆಗೆ ಕ್ರೈಸ್ತ ಭಗಿನಿಯರು ನಡೆಸುವ ಒಂದು ಸಣ್ಣ ಕಾಲೇಜು, ಅದರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪ್ರವೇಶ, ನಾಲ್ಕು ವರ್ಷದ ಕೋರ್ಸು. ನಮ್ಮಲ್ಲಿ ಹಿರಿಯರೊಬ್ಬರು ಅದನ್ನು ದೊಡ್ಡ ದನಿಯಲ್ಲಿ ಓದಿ ಕನ್ನಡಕ ತೆಗೆದು ಕೇಳಿದರು: "ಮಲಗಿದವರ ಮಗ್ಗುಲು ಬದಲಿಸಲಿಕ್ಕೆ ನಾಲ್ಕು ವರ್ಷದ ಡಿಗ್ರಿ ಯಾಕೆ ಮಾರಾಯ್ರೆ? ನಮ್ಮ ಅಜ್ಜಿಯಂದಿರು ಯಾವ ಕಾಲೇಜಿಗೆ ಹೋಗಿದ್ದರು?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನಗು ಗಂಟಲಲ್ಲೇ ನಿಂತಿತು. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನೇ ಕೇಳಿದ್ದೆ, ಅದೂ ಒಬ್ಬ ತಂದೆಯ ಮುಂದೆ.

ಅವನು ಅಡಿಕೆ ಮರ ಹತ್ತುವವನು. ಹೆಂಡತಿ ಬೀಡಿ ಕಟ್ಟುತ್ತಾಳೆ. ಮಗಳು ಏಳನೇ ತರಗತಿಯವರೆಗೆ ನಮ್ಮ ಕನ್ನಡ ಶಾಲೆಯಲ್ಲಿ, ನನ್ನ ಕೈಕೆಳಗೇ ಕಲಿತವಳು. ಪ್ಲಸ್ ಟು ಆದ ಮೇಲೆ ಅವನು ನಮ್ಮ ಅಂಗಳಕ್ಕೆ ಬಂದು ನಿಂತು, "ಹುಡುಗಿ ನರ್ಸಿಂಗ್ ಅನ್ನುತ್ತಾಳೆ, ಏನು ಮಾಡುವುದು ಮಾಷ್ಟ್ರೆ?" ಎಂದು ಕೇಳಿದ. ನಾನು ಬೇಡ ಅಂದೆ. "ಅಷ್ಟು ಸಾಲ ಮಾಡಿ ಅದನ್ನು ಕಲಿಯಬೇಕಾ? ಟೀಚರ್ ಟ್ರೈನಿಂಗ್ ಮಾಡಿಸು" ಎಂದೆ. ಬಾಯಲ್ಲಿ ಬಂದದ್ದು ಸಾಲದ ಮಾತು. ಮನಸ್ಸಿನಲ್ಲಿ ಇದ್ದದ್ದು ಬೇರೆ: ರಾತ್ರಿ ಪಾಳಿ, ಗಂಡಸರ ಮೈ ಒರೆಸುವ ಕೆಲಸ, ನಾಳೆ ಮದುವೆಯ ಮಾತು ಬಂದಾಗ ಹುಡುಗನ ಕಡೆಯವರು ಏನೆಂದಾರು ಎಂಬುದು. ಊರಿನವರಲ್ಲಿ ಕೆಲವರು ಇನ್ನೊಂದು ಹೆದರಿಕೆಯನ್ನೂ ಹಾಕಿದ್ದರಂತೆ, ಅಲ್ಲಿ ಹೋದರೆ ಮತ ಬದಲಿಸುತ್ತಾರೆ ಎಂದು. ಆ ಹುಡುಗಿ ಯಾರ ಮಾತನ್ನೂ ಕೇಳಲಿಲ್ಲ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ತೆಗೆದು ಹೋದಳು. ನಾಲ್ಕು ವರ್ಷ ಬೆಳಗಿನ ಪ್ರಾರ್ಥನೆಗೆ ಎಲ್ಲರ ಜೊತೆ ನಿಂತಳು. ಜೊತೆಗೆ ಮುಸ್ಲಿಂ ಹುಡುಗಿಯರೂ ನಿಲ್ಲುತ್ತಿದ್ದರಂತೆ. ಹಣೆಯ ಕುಂಕುಮದಲ್ಲೇ ಹೋದವಳು ಅದರಲ್ಲೇ ತಿರುಗಿ ಬಂದಳು. ಹೊಸತಾಗಿ ಬಂದ ಅಭ್ಯಾಸ ಒಂದೇ, ಏನು ಮುಟ್ಟಿದರೂ ಮೊಣಕೈವರೆಗೆ ಕೈ ತೊಳೆಯುವುದು.

ಈಗ ನನ್ನ ಅಮ್ಮನ ವಿಷಯಕ್ಕೆ ಬರುತ್ತೇನೆ.

ಎಂಬತ್ತೆರಡನೇ ವಯಸ್ಸಿನಲ್ಲಿ ಅಮ್ಮ ಬಚ್ಚಲಿನಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಮಂಗಳೂರಿನಿಂದ ಮನೆಗೆ ಕರೆತಂದ ಮೇಲೆ ಹಾಸಿಗೆಯಲ್ಲೇ. ಅಮ್ಮನನ್ನು ನಾನು ಪ್ರೀತಿಸುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದೆ. ಗಂಜಿ ನಾನೇ ಕುಡಿಸುತ್ತಿದ್ದೆ. ನೋವಾಗುತ್ತದೆ ಎಂದು ಅವರು ಅಳುತ್ತಿದ್ದರಿಂದ ಮಗ್ಗುಲು ಬದಲಿಸಲು ಹೋಗುತ್ತಿರಲಿಲ್ಲ, ಮಲಗಲಿ ಪಾಪ ಎಂದು ಬಿಡುತ್ತಿದ್ದೆ. ಬೆನ್ನಿನ ಕೆಳಗೆ, ಟಿಕ್ಕಿಯ ಎಲುಬಿನ ಮೇಲೆ, ಅಂಗೈಯಷ್ಟು ಜಾಗ ಕೆಂಪಾಯಿತು. ತೆಂಗಿನೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದೆ. ಆಮೇಲೆ ಪೌಡರು, ಆಮೇಲೆ ಅರಿಸಿನ. ಹದಿನೈದು ದಿನದಲ್ಲಿ ಅಲ್ಲಿ ಚರ್ಮ ಬಿಟ್ಟು ಹುಣ್ಣಾಯಿತು. ಕೋಣೆಯ ವಾಸನೆಗೆ ಮೊಮ್ಮಕ್ಕಳು ಬಾಗಿಲಲ್ಲೇ ನಿಲ್ಲುವ ಹಾಗಾಯಿತು.

ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಬಂದು ನೋಡಿ, "ದಿನಕ್ಕೆ ಎರಡು ಸಲ ಡ್ರೆಸ್ಸಿಂಗ್ ಆಗಬೇಕು, ನನಗೆ ಅಷ್ಟು ಸಲ ಬರಲಿಕ್ಕೆ ಆಗುವುದಿಲ್ಲ, ಎಷ್ಟೋ ಮನೆಗಳಿವೆ. ನಿಮ್ಮ ಪಕ್ಕದಲ್ಲೇ ಬಿ.ಎಸ್ಸಿ. ಕಲಿತ ಹುಡುಗಿ ಮನೆಯಲ್ಲಿ ಕೂತಿದ್ದಾಳಲ್ಲ?" ಎಂದರು. ಅವಳು ಯಾಕೆ ಮನೆಯಲ್ಲಿ ಕೂತಿದ್ದಳು ಎಂಬುದನ್ನು ಆಮೇಲೆ ಹೇಳುತ್ತೇನೆ.

ಬಂದಳು. ಹುಣ್ಣು ನೋಡಿ ನನ್ನನ್ನು ಬೈಯಲಿಲ್ಲ. ಹುಣ್ಣಾಗದೆ ಬರೀ ಕೆಂಪಾಗಿದ್ದ ಹಿಮ್ಮಡಿಯ ಮೇಲೆ ಬೆರಳಿಟ್ಟು ಒತ್ತಿ ತೆಗೆದಳು. "ನೋಡಿ ಮಾಷ್ಟ್ರೆ, ಒತ್ತಿದಾಗ ಬಿಳಿಯಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಾ ಉಂಟು ಅಂತ. ಇದು ಬಿಳಿಯಾಗುವುದೇ ಇಲ್ಲ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿ ಒಳಗಿಂದ ಸಾಯುತ್ತಾ ಉಂಟು. ಇಂಥ ಜಾಗವನ್ನು ತಿಕ್ಕಬಾರದು, ತಿಕ್ಕಿದಷ್ಟೂ ಒಳಗೆ ಹರಿಯುತ್ತದೆ." ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ತಿರುಗಿಸುವುದಲ್ಲ, ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ. ಮೊಣಕಾಲುಗಳ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಮಡಚಿದ ಬಟ್ಟೆ. ಎಳೆಯಬಾರದು, ಕೆಳಗೆ ಹಾಸಿದ ಸೀರೆಯ ಎರಡು ಅಂಚು ಹಿಡಿದು ಇಬ್ಬರು ಎತ್ತಬೇಕು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಅದರಿಂದಲೇ ತೊಳೆಯುವುದು. ದಿನಕ್ಕೊಂದು ಮೊಟ್ಟೆ ಎಂದಳು, ನಮ್ಮ ಮನೆಯಲ್ಲಿ ಅದು ಆಗುವುದಿಲ್ಲವೆಂದು ನೆನಪಾಗಿ, "ಹೆಸರುಕಾಳು, ಹಾಲು ಜಾಸ್ತಿ ಕೊಡಿ" ಎಂದು ತಿದ್ದಿಕೊಂಡಳು. ಅಡಿಗೆಮನೆಯ ಗೋಡೆಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೊತ್ತು ಬರೆದು ಅಂಟಿಸಿದಳು: 6 ಎಡ, 8 ಬೆನ್ನು, 10 ಬಲ.

ಅಮ್ಮನಿಗೆ ಮಡಿ ಜಾಸ್ತಿ. ಮೊದಲ ದಿನ ಕಣ್ಣು ಕಿರಿದು ಮಾಡಿ, "ಇವಳು ಯಾರ ಮಗಳು?" ಎಂದು ಕೇಳಿದರು. ನಾನು "ಸಿಸ್ಟರ್ ಅಮ್ಮಾ" ಎಂದು ತೇಲಿಸಿದೆ. ಅವಳೇ ತನ್ನ ಅಪ್ಪನ ಹೆಸರು ಹೇಳಿದಳು. ಅಮ್ಮ ಕಣ್ಣು ಮುಚ್ಚಿಕೊಂಡರು. ಅವನು ನಮ್ಮ ಜಗಲಿಯ ಮೆಟ್ಟಿಲು ಹತ್ತಿದ್ದನ್ನು ನಾನು ಹುಟ್ಟಿದಲ್ಲಿಂದ ನೋಡಿಲ್ಲ. ಅವನ ಮಗಳು ಅಮ್ಮನ ಸೀರೆ ಸರಿಸಿ ಮಲ ಒರೆಸುತ್ತಿದ್ದಳು. ಆ ದಿನ ಅವಳಿಗೆ ಚಾ ಹೋದದ್ದು ಜಗಲಿಗೆ. ಇದನ್ನು ಬರೆಯಬಾರದು ಎಂದು ಒಂದು ಮನಸ್ಸು, ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ ಎಂದು ಇನ್ನೊಂದು. ವಾರ ಕಳೆದ ಮೇಲೆ ಅಮ್ಮ ತಾವಾಗಿಯೇ, "ತಲೆ ಬಾಚುತ್ತೀಯಾ?" ಎಂದು ಅವಳನ್ನು ಕೇಳಿದರು. ಚಾ ಒಳಗೆ ಬಂತು.

ನಮ್ಮ ದೇಶದಲ್ಲಿ ನರ್ಸಿಂಗ್ ಕಲಿಸಲು ಮೊದಲು ಮುಂದೆ ಬಂದವರಲ್ಲಿ ಮಿಷನ್ ಆಸ್ಪತ್ರೆಗಳವರೇ ಯಾಕೆ ಅಷ್ಟು ಮಂದಿ ಎಂದು ನಾನು ಹಿಂದೆ ಯೋಚಿಸಿರಲಿಲ್ಲ. ಉತ್ತರ ನಮ್ಮ ಮನೆಯ ಚಾ ಲೋಟದಲ್ಲೇ ಇತ್ತು. ಅನ್ಯರ ಮೈಯ ಹೊಲಸು ಮುಟ್ಟುವುದು ಕೀಳು ಜಾತಿಯ ಕೆಲಸ ಎಂದು ನಾವು ತೀರ್ಮಾನಿಸಿಟ್ಟಿದ್ದೆವು. ಹಾಗೆ ತೀರ್ಮಾನಿಸದವರು ಬಂದು ಶಾಲೆ ತೆರೆದರು. ವೆಲ್ಲೂರಿನಲ್ಲಿ ಅಮೆರಿಕದ ಡಾ. ಐಡಾ ಸ್ಕಡ್ಡರ್ 1909ರಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದರು. ನಮಗೆ ಹತ್ತಿರದ ಉಡುಪಿಯಲ್ಲಿ 1923ರಲ್ಲಿ ಮಿಷನ್ ಆಸ್ಪತ್ರೆ ತೆರೆದವರು ಸ್ವಿಟ್ಜರ್ಲೆಂಡಿನ ಡಾ. ಈವಾ ಲೊಂಬಾರ್ಡ್. 1946ರಲ್ಲಿ ವೆಲ್ಲೂರಿನಲ್ಲೂ ದೆಹಲಿಯಲ್ಲೂ ನರ್ಸಿಂಗ್ ಡಿಗ್ರಿಯೇ ಬಂತು. ಅಂದರೆ ಮೈ ಒರೆಸುವುದಕ್ಕೂ ವಿಶ್ವವಿದ್ಯಾಲಯದ ಮುದ್ರೆ ಸಿಕ್ಕಿತು.

ಹಿರಿಯರ ಪ್ರಶ್ನೆಗೆ ಈಗ ಬರಬಹುದು. ಅಜ್ಜಿಯಂದಿರು ಕಾಲೇಜಿಗೆ ಹೋಗಿರಲಿಲ್ಲ, ನಿಜ. ಅವರಲ್ಲಿ ಕೆಲವರಿಗೆ ಆರೈಕೆ ಗೊತ್ತಿತ್ತು, ಅದೂ ನಿಜ. ಆದರೆ ಅವರ ಕೈಯಲ್ಲಿ ಹುಣ್ಣಾಗಿ ಸತ್ತವರ ಲೆಕ್ಕ ಯಾರೂ ಇಟ್ಟಿಲ್ಲ. "ಕಾಲ ಕೂಡಿ ಬಂತು" ಎಂದು ಮುಗಿಸಿದ್ದೇವೆ. ಕ್ರಿಮಿಯಾ ಯುದ್ಧದ ಆಸ್ಪತ್ರೆಯಲ್ಲಿ ಕೆಲಸ ಮಾಡಿ, 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿಸಿದ ಫ್ಲಾರೆನ್ಸ್ ನೈಟಿಂಗೇಲ್, ರೋಗಿಗೆ ಹಾಸಿಗೆ ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಆರೈಕೆಯದ್ದು ಎಂದು ಬರೆದಿದ್ದಾರೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮನ ಬೆನ್ನಿನ ಹುಣ್ಣು ಮಾಡಿದವನು ನಾನು. ಪ್ರೀತಿಯಿಂದಲೇ ಮಾಡಿದೆ. ನೋವಾದೀತೆಂದು ತಿರುಗಿಸದೆ ಬಿಟ್ಟದ್ದು ಪ್ರೀತಿ, ಎಣ್ಣೆ ಹಾಕಿ ತಿಕ್ಕಿದ್ದೂ ಪ್ರೀತಿ. ಏನಾದರೂ ಮಾಡಬೇಕು ಎಂದಷ್ಟೇ ಪ್ರೀತಿ ಹೇಳಿತು. ಏನು ಮಾಡಬೇಕು ಎಂಬುದು ಅದಕ್ಕೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಹಾಗಾದರೆ ವಿದ್ಯೆ ಒಂದಿದ್ದರೆ ಸಾಕೋ, ಮರುಕ ಬೇಡವೋ? ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರ್ ಇದ್ದರು. ಅಮ್ಮನ ಮುಖ ಸಹ ನೋಡುತ್ತಿರಲಿಲ್ಲ, ಮಾತಾಡಿದರೆ ಸಿಡುಕು. ಆದರೆ ಗಂಟೆ ಹೊಡೆದ ಹಾಗೆ ಬಂದು ತಿರುಗಿಸಿ ಹೋಗುತ್ತಿದ್ದರು. ಅವರಿದ್ದಷ್ಟು ದಿನ ಹುಣ್ಣಾಗಲಿಲ್ಲ. ಆ ಸಿಸ್ಟರೋ ಪ್ರೀತಿಯ ಮಗನೋ ಎಂದು ಕೇಳಿದರೆ ಇವತ್ತು ನಾನು ಆ ಸಿಸ್ಟರನ್ನೇ ಆರಿಸುತ್ತೇನೆ. ಅಮ್ಮನನ್ನು ಕೇಳಿದ್ದರೆ ಬಹುಶಃ ಅರಿಸಿನ ಹಿಡಿದ ಮಗನನ್ನೇ ಆರಿಸುತ್ತಿದ್ದರು. ಇದಕ್ಕೆ ನನ್ನ ಹತ್ತಿರ ಸಮಾಧಾನ ಇಲ್ಲ.

ಈ ವಿಷಯವನ್ನು ಆ ಹುಡುಗಿಯ ಹತ್ತಿರವೇ ಒಮ್ಮೆ ಎತ್ತಿದೆ: "ಅಂಗರಚನೆ, ಔಷಧ ಎಲ್ಲ ಕಲಿಸಬಹುದು. ಕರುಣೆಯನ್ನು ಕಲಿಸಲಿಕ್ಕೆ ಆಗುತ್ತದಾ?" ಅವಳು ಸ್ವಲ್ಪ ಯೋಚಿಸಿ ಮೊದಲ ವರ್ಷದ ಒಂದು ಪಾಠ ಹೇಳಿದಳು. ಇಬ್ಬಿಬ್ಬರ ಜೋಡಿ. ಒಬ್ಬಳು ರೋಗಿಯ ಹಾಗೆ ಮಲಗಬೇಕು, ಕೈಕಾಲು ಆಡಿಸಬಾರದು. ಇನ್ನೊಬ್ಬಳು ಅವಳ ತಲೆ ತೊಳೆಯಬೇಕು, ಹಲ್ಲು ಉಜ್ಜಬೇಕು, ಅನ್ನ ಉಣ್ಣಿಸಬೇಕು. "ಬೇರೆಯವರ ಕೈಯಲ್ಲಿ ಉಣ್ಣುವುದು ಎಷ್ಟು ನಾಚಿಕೆ ಅಂತ ನನಗೆ ಆವತ್ತು ಗೊತ್ತಾಯಿತು ಮಾಷ್ಟ್ರೆ. ಚಮಚ ಬೇಗ ಬೇಗ ಬರುತ್ತದೆ, ನುಂಗಿ ಮುಗಿದಿರುವುದಿಲ್ಲ, ಸಾಕು ಅನ್ನಲಿಕ್ಕೂ ಸಂಕೋಚ." ನಾನು ಅಮ್ಮನಿಗೆ ಗಂಜಿ ಕುಡಿಸುವ ವೇಗ ಅಂದಿನಿಂದ ಕಡಿಮೆಯಾಯಿತು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಕರುಣೆಗೂ ಪಾಠಕ್ರಮ ಇರಬಹುದು ಎಂದು ಹೊಳೆದಿರಲಿಲ್ಲ.

ಇನ್ನು ಅವಳು ಮನೆಯಲ್ಲಿ ಯಾಕೆ ಕೂತಿದ್ದಳು ಎಂಬುದು. ಪಾಸಾದ ಮೇಲೆ ಒಂದು ಖಾಸಗಿ ಆಸ್ಪತ್ರೆ ಸೇರಿದ್ದಳು. ಸೇರುವಾಗಲೇ ಮೂಲ ಸರ್ಟಿಫಿಕೇಟುಗಳನ್ನು ತೆಗೆದಿಟ್ಟುಕೊಂಡಿದ್ದರು, ಎರಡು ವರ್ಷ ಬಿಡಬಾರದೆಂದು ಬಾಂಡು. ಸಂಬಳ ಕೈಗೆ ಬರುವಾಗ ಹಾಸ್ಟೆಲಿನದ್ದು, ಊಟದ್ದು ಕಳೆದು ಸಾಲದ ಕಂತಿಗೂ ಸಾಲದು. ಕೇಳಿದರೆ, "ಇದು ಸೇವೆಯ ಕೆಲಸ, ದುಡ್ಡು ನೋಡಿ ಬರಬಾರದು" ಎಂಬ ಉತ್ತರ. ಬಿಟ್ಟು ಬಂದಳು, ಸರ್ಟಿಫಿಕೇಟು ಅಲ್ಲೇ ಉಳಿಯಿತು. ಇದು ಅವಳೊಬ್ಬಳ ಕಥೆ ಅಲ್ಲ. ಸುಪ್ರೀಂ ಕೋರ್ಟಿನ ಮಾತಿನ ಮೇಲೆ 2016ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಹೇಳಬೇಕಾಗಿ ಬಂತು. ನಮ್ಮ ಕೇರಳದಲ್ಲಿ ಅದಕ್ಕಾಗಿ ನರ್ಸುಗಳು ಬೀದಿಗೆ ಇಳಿಯಬೇಕಾಯಿತು. ಆಗ ಇದೇ ಜಗಲಿಯಲ್ಲಿ, "ರೋಗಿಗಳನ್ನು ಬಿಟ್ಟು ಮುಷ್ಕರವಾ?" ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. 2018ರ ಮೇ ತಿಂಗಳಲ್ಲಿ ಪೆರಾಂಬ್ರದ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ, ನಿಪ್ಪಾ ರೋಗಿಯ ಆರೈಕೆ ಮಾಡಿ ಅದೇ ರೋಗಕ್ಕೆ ಬಲಿಯಾದಾಗ ನಾವೆಲ್ಲ ಅವರನ್ನು ದೇವತೆ ಎಂದೆವು. ದೇವತೆ ಎನ್ನುವುದಕ್ಕೆ ಖರ್ಚಿಲ್ಲ.

ಸೇವೆ ಎಂಬ ಮಾತು ಮಾಡುವವರ ಬಾಯಲ್ಲಿ ಇದ್ದರೆ ಅದಕ್ಕೊಂದು ತೂಕ ಉಂಟು. ಮಾಡಿಸಿಕೊಳ್ಳುವವರ ಬಾಯಲ್ಲಿ ಬಂದರೆ ಅನುಮಾನಿಸಬೇಕು. ಅವಳ ಅಪ್ಪ ನಮ್ಮ ತೋಟದ ಮರ ಹತ್ತಿ ಇಳಿದಾಗ ನಾನು ಯಾವತ್ತೂ "ಇದು ಸೇವೆ" ಎಂದು ಹೇಳಿ ಕೂಲಿ ಇಟ್ಟುಕೊಂಡವನಲ್ಲ. ಸಂಜೆಗೆ ಲೆಕ್ಕ ಮುಗಿಯುತ್ತಿತ್ತು. ಆದರೆ ಮಗಳ ವಿಷಯದಲ್ಲಿ ಒಂದು ತಿಂಗಳು ದಾಟಿದರೂ ನಾನು ಹಣದ ಮಾತು ಎತ್ತಲಿಲ್ಲ. ಶಿಷ್ಯೆಯಲ್ಲವೇ, ಹಣ ಕೊಟ್ಟರೆ ಬೇಸರಿಸಿಯಾಳು, ಅವಳ ಒಳ್ಳೆಯತನಕ್ಕೆ ಬೆಲೆ ಕಟ್ಟಿದಂತಾದೀತು ಎಂದೆಲ್ಲ ಅಂದುಕೊಂಡೆ. ತುಂಬ ಸೂಕ್ಷ್ಮ ಮನಸ್ಸಿನವನು ನಾನು, ಎಂದು ಒಳಗೊಳಗೇ ಸಂತೋಷವೂ ಇತ್ತು. ಸಾಲದ ಕಂತು ಎರಡು ತಿಂಗಳು ತಪ್ಪಿ ಬ್ಯಾಂಕಿನಿಂದ ನೋಟೀಸು ಬಂದಿದೆ ಎಂದು ಅವಳ ಅಪ್ಪ ಅಂಗಡಿಯಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಆ ಆಸ್ಪತ್ರೆಯವರು ಹೇಳಿದ್ದನ್ನೇ ನಾನು ಬಾಯಿ ಬಿಡದೆ ಹೇಳಿದ್ದೆ.

ಅಮ್ಮನ ಹುಣ್ಣು ಕೆಂಪು ಮಾಂಸ ತುಂಬಿಕೊಂಡು ಸಣ್ಣದಾಗಿತ್ತು. ಪೂರ್ತಿ ಮಾಯುವ ಮೊದಲೇ, ಆಮೇಲೆ ಎರಡು ತಿಂಗಳಿಗೆ, ಅಮ್ಮ ಬೇರೆ ಕಾರಣಕ್ಕೆ ತೀರಿಕೊಂಡರು. ಹುಣ್ಣಿನ ವಾಸನೆ ಇಲ್ಲದೆ, ಬಾಚಿದ ತಲೆಯಲ್ಲಿ ಹೋದರು.

ಆ ಅಂಗಡಿಯ ಮಾತು ಕೇಳಿದ ದಿನ ಸಹಕಾರಿ ಬ್ಯಾಂಕಿಗೆ ಹೋಗಿ 30,000 ರೂಪಾಯಿ ತೆಗೆದು ಕವರಿನಲ್ಲಿ ಹಾಕಿ ಅವರ ಮನೆಗೆ ಹೋದೆ. ಅವರ ಮನೆಯ ಮೆಟ್ಟಿಲು ನಾನು ಹತ್ತಿದ್ದೂ ಅದೇ ಮೊದಲು. ಅವಳು ಬೇಡ ಎನ್ನುತ್ತಾಳೆ, ನಾನು ಒತ್ತಾಯ ಮಾಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಬೇಡ ಎನ್ನಲಿಲ್ಲ. ಕವರು ತೆಗೆದುಕೊಂಡು, ಬೀಡಿ ಎಲೆಯ ಮೊರದ ಪಕ್ಕದಲ್ಲಿ ಕೂತು ಎಣಿಸಿದಳು.

"ಮಾಷ್ಟ್ರೆ, ಏಜೆನ್ಸಿಯ ಹೋಂ ನರ್ಸಿಗೆ ಇಲ್ಲಿ ದಿನಕ್ಕೆ 600. ಇವತ್ತಿಗೆ 41 ದಿನ ಆಯಿತು. ಸರ್ಟಿಫಿಕೇಟ್ ಕೇಳಲಿಕ್ಕೆ ಹೋದ ಎರಡು ದಿನ ನಾನು ಬಂದಿಲ್ಲ." ಬೆರಳಿನಲ್ಲಿ ಲೆಕ್ಕ ಹಾಕಿ, 23,400 ಇಟ್ಟುಕೊಂಡು, ಉಳಿದ 6,600ನ್ನು ಅದೇ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ಆಮೇಲೆ ಗಡಿಯಾರ ನೋಡಿದಳು. ಆರು ಗಂಟೆಗೆ ಹತ್ತು ನಿಮಿಷ ಇತ್ತು. "ಬನ್ನಿ, ಅಜ್ಜಿಯನ್ನು ಎಡಕ್ಕೆ ತಿರುಗಿಸುವ ಹೊತ್ತಾಯಿತು" ಎಂದು ಚಪ್ಪಲಿ ಹಾಕಿಕೊಂಡಳು.